ಸಾಮೀಪ್ಯವೂ ಸಂಬಂಧವೂ: ದೃಶ್ಯಸಮೂಹನ ನಿಯಮಗಳ ಒಂದು ವಿಮರ್ಶೆ

ಬರೆಹದ ಮೇಲೆ ದೃಷ್ಟಿ ಬಿದ್ದೊಡನೆ, ಒಂದು ಅಕ್ಷರವನ್ನಾದರೂ ಓದುವುದಕ್ಕೆ ಮೊದಲೇ, ಕಣ್ಣು ಅಲ್ಲಿರುವ ಗುರುತುಗಳನ್ನು ಗುಂಪುಗಳಾಗಿ ಕೂಡಿಸಿಕೊಂಡಿರುತ್ತದೆ. ಯಾವುದು ಯಾವುದರೊಡನೆ ಸೇರಿದುದು, ಯಾವುದು ಬೇರೆ ಎಂಬ ಮೊದಲ ತೀರ್ಮಾನ ಅರ್ಥದಿಂದ ಆಗುವುದಲ್ಲ. ಗುರುತುಗಳ ನಡುವಣ ಅಂತರ, ಗಾತ್ರ, ಬಣ್ಣ, ಗೆರೆ ಇವುಗಳಿಂದ ಆಗುತ್ತದೆ. ಈ ಕ್ರಿಯೆಯನ್ನು ದೃಶ್ಯಸಮೂಹನವೆಂದು ಕರೆಯಬಹುದು. ಕಂಪ್ಯೂಟರಿನ ಮತ್ತು ಮೊಬೈಲಿನ ತೆರೆಯನ್ನು ವಿನ್ಯಾಸಗೊಳಿಸುವವರು ಇದರ ನಿಯಮಗಳನ್ನು ತಮ್ಮ ವಿದ್ಯೆಯ ಮೊದಲ ಪಾಠವಾಗಿ ಕಲಿಯುತ್ತಾರೆ. ಹಸ್ತಪ್ರತಿಗಳು ಈಗ ಹೆಚ್ಚು ಹೆಚ್ಚಾಗಿ ತೆರೆಯ ಮೇಲೆಯೇ ಓದಲ್ಪಡುತ್ತಿರುವುದರಿಂದ ಆ ನಿಯಮಗಳ ಬಲಾಬಲ ಗ್ರಂಥಸಂಪಾದಕರಿಗೂ ಸಂಬಂಧಿಸಿದ ವಿಷಯವಾಗಿದೆ. ನಿಯಮಗಳು ಹುಟ್ಟಿದ ರೀತಿ, ವಿನ್ಯಾಸಕಾರರ ಕೈಯಲ್ಲಿ ಅವು ಪಡೆದ ರೂಪ, ಓಲೆಗರಿಯ ಮುಂದೆ ಅವುಗಳ ಯೋಗ್ಯತೆ ಈ ಮೂರನ್ನು ಇಲ್ಲಿ ಪರಿಶೀಲಿಸಲಾಗಿದೆ.

1. ನಿಯಮಗಳ ಮೂಲ

ದೃಶ್ಯಸಮೂಹನದ ಶಾಸ್ತ್ರೀಯ ವಿವೇಚನೆ ಜರ್ಮನಿಯ ಗೆಸ್ಟಾಲ್ಟ್ ಪಂಥದ ಮನಶ್ಶಾಸ್ತ್ರಜ್ಞರದು. ಪ್ರಾಗ್ ನಗರದಲ್ಲಿ 1880ರಲ್ಲಿ ಹುಟ್ಟಿದ ಮಾಕ್ಸ್ ವರ್ಟ್‌ಹೈಮರ್, ಅವರ ಜೊತೆಗಾರರಾದ ವೋಲ್ಫ್‌ಗಾಂಗ್ ಕೋಹ್ಲರ್ ಮತ್ತು ಕುರ್ಟ್ ಕೋಫ್ಕ ಈ ಪಂಥದ ಪ್ರವರ್ತಕರು. 1912ರಲ್ಲಿ ಪ್ರಕಟವಾದ ವರ್ಟ್‌ಹೈಮರರ ಪ್ರಬಂಧ ತೋರಿಕೆಯ ಚಲನೆಯನ್ನು ಕುರಿತದ್ದು. 1923ರ ಪ್ರಬಂಧವೇ ಪ್ರಸ್ತುತ ವಿಷಯಕ್ಕೆ ಆಧಾರ. ಅದರ ಸಾಮಗ್ರಿ ಅತ್ಯಂತ ಸರಳ: ಕಾಗದದ ಮೇಲೆ ಸಾಲಾಗಿಟ್ಟ ಚುಕ್ಕೆಗಳು ಮತ್ತು ಕೆಲವು ಗೆರೆಗಳು. ಚುಕ್ಕೆಗಳ ಅಂತರವನ್ನು ಒಂದು ಕಿರಿದು ಒಂದು ಹಿರಿದಾಗಿ ಮಾಡಿದರೆ ನೋಡುವವನಿಗೆ ಅವು ಎರಡೆರಡರ ಜೋಡಿಗಳಾಗಿ ಕಾಣುತ್ತವೆ, ಇದು ಸಾಮೀಪ್ಯ. ಅಂತರವನ್ನು ಸಮವಾಗಿರಿಸಿ ಬಣ್ಣವನ್ನು ಬದಲಿಸಿದರೆ ಒಂದೇ ಬಣ್ಣದವು ಕೂಡುತ್ತವೆ, ಇದು ಸಾದೃಶ್ಯ. ಒಂದೇ ದಿಕ್ಕಿಗೆ ಒಟ್ಟಿಗೆ ಚಲಿಸಿದವು ಒಂದಾಗಿ ಕಾಣುವುದು ಸಮಾನಗತಿ. ಗೆರೆ ತನ್ನ ಓಟವನ್ನು ಮುಂದುವರಿಸಿದಂತೆ ಕಾಣುವುದು ಸುಗಮ ಅನುಗತಿ. ಮುಚ್ಚಿಕೊಂಡ ಆಕೃತಿ ಒಂದೆಂದು ಕಾಣುವುದು ಸಂವೃತಿ.

ಇಷ್ಟನ್ನು ವಿನ್ಯಾಸದ ಪಠ್ಯಗಳೆಲ್ಲ ಹೇಳುತ್ತವೆ. ಅವುಗಳಲ್ಲಿ ಬಹುಮಟ್ಟಿಗೆ ಬಿಟ್ಟುಹೋಗುವ ಸಂಗತಿ ಮತ್ತೊಂದಿದೆ. ವರ್ಟ್‌ಹೈಮರರು ನಿಯಮಗಳನ್ನು ಬಿಡಿಬಿಡಿಯಾಗಿ ಪಟ್ಟಿಮಾಡಿ ನಿಲ್ಲಿಸಲಿಲ್ಲ. ಒಂದನ್ನು ಇನ್ನೊಂದಕ್ಕೆ ಎದುರಾಗಿ ನಿಲ್ಲಿಸಿ ನೋಡಿದರು. ಸಾಮೀಪ್ಯ ಒಂದು ಕಡೆಗೆ ಎಳೆದು ಸಾದೃಶ್ಯ ಇನ್ನೊಂದು ಕಡೆಗೆ ಎಳೆದಾಗ ಯಾವುದು ಗೆಲ್ಲುತ್ತದೆಂಬುದು ಅವರ ಪ್ರಶ್ನೆಯ ಒಂದು ಮುಖ್ಯ ಭಾಗ. ಹೀಗಾಗಿ ಪ್ರತಿಯೊಂದು ನಿಯಮವೂ ‘ಉಳಿದುವೆಲ್ಲ ಸಮವಾಗಿದ್ದರೆ’ ಎಂಬ ಉಪಾಧಿಗೆ ಒಳಪಟ್ಟದ್ದು. ಮುಂದಿನ ಸಂಶೋಧನೆ ಈ ದಾರಿಯಲ್ಲಿಯೇ ಬೆಳೆಯಿತು. 1992ರಲ್ಲಿ ಸ್ಟೀಫನ್ ಪಾಮರ್ ಸಮಾನ ಆವರಣದ ನಿಯಮವನ್ನು, ಅಂದರೆ ಒಂದೇ ಎಲ್ಲೆಯ ಒಳಗಿರುವುವು ಕೂಡಿ ಕಾಣುತ್ತವೆಂಬುದನ್ನು, ಪ್ರತಿಪಾದಿಸಿದರು. 1994ರಲ್ಲಿ ಅವರೂ ಅರ್ವಿನ್ ರಾಕ್ ಅವರೂ ಜೊತೆಯಾಗಿ, ಗೆರೆಯಿಂದ ಬೆಸೆದ ಗುರುತುಗಳು ಒಂದಾಗಿ ಕಾಣುವ ಬಗೆಯನ್ನು ವಿವರಿಸಿದರು. ಆವರಣವೂ ಬೆಸುಗೆಯೂ ಅನೇಕ ಸಂದರ್ಭಗಳಲ್ಲಿ ಸಾಮೀಪ್ಯವನ್ನು ಸೋಲಿಸುತ್ತವೆ. 1995ರಲ್ಲಿ ಮೈಕೇಲ್ ಕುಬೋವಿ ಮತ್ತು ಯೋಹಾನ್ ವಾಗೆಮನ್ಸ್ ಚುಕ್ಕೆಗಳ ಜಾಲಗಳನ್ನು ಬಳಸಿ, ಅಂತರದ ಪ್ರಮಾಣ ಬೆಳೆದಂತೆ ಸಾಮೀಪ್ಯದ ಬಲ ಹೇಗೆ ಕುಗ್ಗುತ್ತದೆಂಬುದನ್ನು ಅಳೆದರು. ಅಲ್ಲಿ ಮುಖ್ಯವಾದದ್ದು ಅಂತರದ ಮೊತ್ತವಲ್ಲ, ಒಂದಂತರಕ್ಕೂ ಇನ್ನೊಂದಂತರಕ್ಕೂ ಇರುವ ಪ್ರಮಾಣ.

2. ವಿನ್ಯಾಸಕಾರರ ಕೈಯಲ್ಲಿ

ತೆರೆಯ ವಿನ್ಯಾಸಕ್ಕೆ ಈ ನಿಯಮಗಳಿಂದ ಆದ ಉಪಕಾರ ಸಣ್ಣದಲ್ಲ. ಅರ್ಜಿಯೊಂದನ್ನು ತುಂಬುವ ತೆರೆಯಲ್ಲಿ ‘ಹೆಸರು’, ‘ಊರು’, ‘ವಯಸ್ಸು’ ಎಂಬ ಶೀರ್ಷಿಕೆಗಳೂ ಅವುಗಳ ಕೆಳಗೆ ಬರೆಯುವ ಚೌಕಗಳೂ ಇರುತ್ತವೆ. ಶೀರ್ಷಿಕೆಯು ತನ್ನ ಚೌಕಕ್ಕೂ ಮೇಲಿನ ಚೌಕಕ್ಕೂ ಸಮದೂರದಲ್ಲಿದ್ದರೆ ಕಣ್ಣಿಗೆ ಆಧಾರ ತಪ್ಪುತ್ತದೆ. ತನ್ನ ಚೌಕಕ್ಕೆ ಹತ್ತಿರ ತಂದರೆ, ಬೇರೆ ಯಾವ ಅಲಂಕಾರವೂ ಇಲ್ಲದೆ, ಸಂದೇಹ ಪರಿಹಾರವಾಗುತ್ತದೆ. ‘ಹೌದು’ ‘ಇಲ್ಲ’ ಎಂಬ ಆಯ್ಕೆಗಳನ್ನು ಅಡ್ಡಸಾಲಿನಲ್ಲಿಟ್ಟು ಗುಂಡಿಗಳನ್ನೂ ಮಾತುಗಳನ್ನೂ ಸಮಾನ ಅಂತರದಲ್ಲಿ ಜೋಡಿಸಿದಾಗ, ಮಾತು ತನ್ನ ಎಡದ ಗುಂಡಿಗೆ ಸೇರಿತೋ ಬಲದ ಗುಂಡಿಗೆ ಸೇರಿತೋ ತಿಳಿಯದು. ಇಲ್ಲಿ ನಿಯಮವು ವಿನ್ಯಾಸಕಾರನಿಗೆ ಸರಿಯಾದ ಸಲಹೆಯನ್ನೇ ಕೊಡುತ್ತದೆ.

ಆದರೆ ಉಪಕಾರಿಯಾದ ಈ ಸಲಹೆ ಕಾಲಕ್ರಮದಲ್ಲಿ ಬರಿಯ ನಾಮಾವಳಿಯಾಗಿದೆ. ಸಾಮೀಪ್ಯ, ಸಾದೃಶ್ಯ, ಆವರಣ, ಅನುಗತಿ ಎಂದು ಹೆಸರುಗಳನ್ನು ಹೇಳಿ, ಒಂದೊಂದಕ್ಕೆ ಒಂದೊಂದು ಚಿತ್ರವನ್ನು ಕೊಟ್ಟು ಪಾಠ ಮುಗಿಯುತ್ತದೆ. ಇದರಲ್ಲಿ ಎರಡು ಕೊರತೆಗಳಿವೆ. ಮೊದಲನೆಯದು, ನಿಯಮಗಳ ಪರಸ್ಪರ ವಿರೋಧದ ವಿಚಾರ ಕಾಣೆಯಾಗುವುದು. ಎರಡನೆಯದು ಇನ್ನೂ ಮುಖ್ಯ: ಕಣ್ಣು ಹೇಗೆ ಕೂಡಿಸುತ್ತದೆಂಬುದನ್ನು ನಿಯಮ ಹೇಳುತ್ತದೆ, ಏನನ್ನು ಕೂಡಿಸಬೇಕೆಂಬುದನ್ನು ಅದು ಹೇಳಲಾರದು. ಪುಟದಲ್ಲಿ ಎರಡು ಗುರುತುಗಳನ್ನು ಹತ್ತಿರ ಇಡುವುದು ‘ಇವೆರಡಕ್ಕೂ ಸಂಬಂಧವಿದೆ’ ಎಂದು ಹೇಳಿದಂತೆ. ಮಾತಿನಲ್ಲಿ ಸುಳ್ಳಿರುವಂತೆ ಜೋಡಣೆಯಲ್ಲಿಯೂ ಸುಳ್ಳಿರಬಹುದು. ಓದುಗನು ಮಾತನ್ನು ಪರೀಕ್ಷಿಸಿ ಒಪ್ಪುತ್ತಾನೆ. ಜೋಡಣೆಯನ್ನು ಪರೀಕ್ಷಿಸುವುದಕ್ಕೆ ಮೊದಲೇ ಒಪ್ಪಿಬಿಟ್ಟಿರುತ್ತಾನೆ.

3. ಒಂದು ಮತಪತ್ರ

ಇದಕ್ಕೆ ಪ್ರಸಿದ್ಧವಾದ ನಿದರ್ಶನ ಅಮೆರಿಕದ 2000ದ ಅಧ್ಯಕ್ಷ ಚುನಾವಣೆಯದು. ಫ್ಲಾರಿಡ ರಾಜ್ಯದ ಪಾಮ್ ಬೀಚ್ ಕೌಂಟಿಯಲ್ಲಿ ಹತ್ತು ಮಂದಿ ಅಭ್ಯರ್ಥಿಗಳ ಹೆಸರುಗಳನ್ನು ಎದುರುಬದುರಾದ ಎರಡು ಪುಟಗಳಲ್ಲಿ ಮುದ್ರಿಸಿ, ಮತದಾರರು ಚುಚ್ಚಬೇಕಾದ ರಂಧ್ರಗಳನ್ನು ನಡುವೆ ಒಂದೇ ಕಂಬಸಾಲಿನಲ್ಲಿ ಇಡಲಾಗಿತ್ತು. ವೃದ್ಧ ಮತದಾರರು ಸುಲಭವಾಗಿ ಓದಲೆಂದು ಅಕ್ಷರಗಳನ್ನು ದೊಡ್ಡದು ಮಾಡಿದ್ದೇ ಹೆಸರುಗಳನ್ನು ಎರಡು ಪುಟಗಳಿಗೆ ಹಂಚಲು ಕಾರಣವಾಗಿತ್ತು. ಉದ್ದೇಶ ಒಳ್ಳೆಯದೇ. ಎಡಪುಟದಲ್ಲಿ ಮೊದಲ ಹೆಸರು ಜಾರ್ಜ್ ಬುಷ್, ಎರಡನೆಯದು ಆಲ್ ಗೋರ್. ಬಲಪುಟದ ಮೊದಲ ಹೆಸರು ಪ್ಯಾಟ್ ಬುಕ್ಯಾನನ್. ನಡುವಣ ಕಂಬಸಾಲಿನಲ್ಲಿ ಮೊದಲ ರಂಧ್ರ ಬುಷ್ ಅವರದು, ಎರಡನೆಯದು ಬುಕ್ಯಾನನ್ ಅವರದು, ಮೂರನೆಯದು ಗೋರ್ ಅವರದು.

ಇಲ್ಲಿ ಕಣ್ಣಿಗೆ ಬಂದ ಸೂಚನೆಗಳನ್ನು ಒಂದೊಂದಾಗಿ ನೋಡಬೇಕು. ಎಡಪುಟವೆಂಬುದು ಒಂದು ಆವರಣ. ಅದರೊಳಗಿನ ಹೆಸರುಗಳು ಒಂದು ಪಟ್ಟಿ. ರಂಧ್ರಗಳು ಒಂದೇ ಆಕಾರದವು, ಒಂದೇ ಸಾಲಿನವು, ಸಮಾನ ಅಂತರದವು. ಸಾದೃಶ್ಯವೂ ಸಾಮೀಪ್ಯವೂ ಅನುಗತಿಯೂ ಸೇರಿ ಅವನ್ನು ಇನ್ನೊಂದು ಪಟ್ಟಿಯಾಗಿ ಮಾಡಿದ್ದುವು. ಎರಡು ಪಟ್ಟಿಗಳು ಅಕ್ಕಪಕ್ಕದಲ್ಲಿದ್ದಾಗ ಎರಡನೆಯ ಹೆಸರಿಗೆ ಎರಡನೆಯ ರಂಧ್ರವೆಂದು ತಿಳಿಯುವುದು ಸಹಜ. ಈ ತಿಳಿವಳಿಕೆಯನ್ನು ತಡೆಯಲು ಇದ್ದದ್ದು ಹೆಸರಿನಿಂದ ರಂಧ್ರದ ಕಡೆಗೆ ತೋರಿಸುವ ಬಾಣದ ಗುರುತು ಮತ್ತು ಒಂದು ಅಂಕೆ ಮಾತ್ರ. ಮೂರು ಬಲವಾದ ನಿಯಮಗಳ ಎದುರಿಗೆ ಒಂದು ದುರ್ಬಲವಾದ ಬೆಸುಗೆಯನ್ನು ನಿಲ್ಲಿಸಿದಂತಾಯಿತು.

ಪರಿಣಾಮ ದಾಖಲಾಗಿದೆ. ಆ ಕೌಂಟಿಯಲ್ಲಿ ಬುಕ್ಯಾನನ್ ಅವರಿಗೆ 3,400ಕ್ಕೂ ಹೆಚ್ಚು ಮತಗಳು ಬಂದುವು. ಒಂದಕ್ಕಿಂತ ಹೆಚ್ಚು ರಂಧ್ರ ಚುಚ್ಚಿದ್ದರಿಂದ ಅಧ್ಯಕ್ಷಸ್ಥಾನದ ಲೆಕ್ಕಕ್ಕೆ ಬಾರದೆ ಹೋದ ಮತಪತ್ರಗಳು 19,000ಕ್ಕೂ ಹೆಚ್ಚು. 2001ರಲ್ಲಿ ಅಮೆರಿಕದ ರಾಜ್ಯಶಾಸ್ತ್ರದ ಪ್ರಮುಖ ಪತ್ರಿಕೆಯೊಂದರಲ್ಲಿ ಪ್ರಕಟವಾದ ಅಧ್ಯಯನವು, ಗೋರ್ ಪಕ್ಷದ 2,000ಕ್ಕೂ ಮಿಕ್ಕ ಮತದಾರರು ತಪ್ಪಾಗಿ ಬುಕ್ಯಾನನ್ ಅವರಿಗೆ ಮತ ಕೊಟ್ಟಿದ್ದರೆಂದು ನಿರ್ಣಯಿಸಿತು. ಅಂಚೆಯ ಮೂಲಕ ಮತ ಕೊಟ್ಟವರಿಗೆ ಈ ಜೋಡಿಪುಟದ ವಿನ್ಯಾಸವಿರಲಿಲ್ಲ; ಅವರಲ್ಲಿ ಬುಕ್ಯಾನನ್ ಅವರ ಪಾಲು ಬಹಳ ಕಡಮೆ. ಇಡೀ ರಾಜ್ಯವನ್ನು ಬುಷ್ ಗೆದ್ದದ್ದು 537 ಮತಗಳ ಅಂತರದಿಂದ. ಆ ಗೆಲುವಿನೊಡನೆ ಅಧ್ಯಕ್ಷಪದವಿಯೂ ನಿರ್ಣಯವಾಯಿತು.

ಅದೇ ರಾಜ್ಯದ ಬ್ರೋವರ್ಡ್ ಕೌಂಟಿಯಲ್ಲಿ 2018ರಲ್ಲಿ ಇನ್ನೊಂದು ಬಗೆಯ ದೋಷ ಕಂಡುಬಂದಿತು. ಸೆನೆಟ್ ಸ್ಥಾನದ ಸ್ಪರ್ಧೆಯನ್ನು ಮತಪತ್ರದ ಎಡಕಂಬದಲ್ಲಿ, ಮೂರು ಭಾಷೆಗಳ ಉದ್ದವಾದ ಸೂಚನೆಗಳ ಕೆಳಗೆ ಇಡಲಾಗಿತ್ತು. ಕಂಬವೆಲ್ಲ ಸೂಚನೆಯ ಆವರಣವೆಂದು ಕಣ್ಣು ತಿಳಿದರೆ ಕೆಳಗಿನ ಸ್ಪರ್ಧೆಯೂ ಅದರೊಡನೆ ಕಣ್ಮರೆಯಾಗುತ್ತದೆ. ಆ ಕೌಂಟಿಯಲ್ಲಿ ಸೆನೆಟ್ ಸ್ಥಾನಕ್ಕೆ ಬಿದ್ದ ಮತಗಳು ರಾಜ್ಯಪಾಲರ ಸ್ಥಾನಕ್ಕೆ ಬಿದ್ದುವುಗಳಿಗಿಂತ ಇಪ್ಪತ್ತು ಸಾವಿರಕ್ಕೂ ಹೆಚ್ಚು ಕಡಮೆಯಾಗಿದ್ದುವು. ರಾಜ್ಯದಾದ್ಯಂತ ಗೆಲುವಿನ ಅಂತರ 10,033.

ಭಾರತದ ಮತಯಂತ್ರದ ರಚನೆಯನ್ನು ಇದರೊಡನೆ ಹೋಲಿಸಬಹುದು. ಅಲ್ಲಿ ಒಬ್ಬ ಅಭ್ಯರ್ಥಿಗೆ ಒಂದು ಅಡ್ಡಸಾಲು. ಅದರಲ್ಲಿಯೇ ಕ್ರಮಸಂಖ್ಯೆ, ಹೆಸರು, ಭಾವಚಿತ್ರ, ಚಿಹ್ನೆ, ತುದಿಯಲ್ಲಿ ಗುಂಡಿ. ಸಾಲುಗಳ ನಡುವೆ ಗೆರೆ. ಒಂದು ಘಟಕದಲ್ಲಿ 16 ಸಾಲುಗಳಿಗಿಂತ ಹೆಚ್ಚಿರುವುದಿಲ್ಲ. ಹೆಸರುಗಳು ಮಿಕ್ಕರೆ ಎರಡನೆಯ ಘಟಕವನ್ನೇ ಸೇರಿಸುತ್ತಾರೆ, ಆದರೆ ಒಂದು ಗುಂಡಿಸಾಲನ್ನು ಎರಡು ಪಟ್ಟಿಗಳಿಗೆ ಹಂಚುವುದಿಲ್ಲ. ಓದು ಬಾರದವನಿಗೂ ಚಿಹ್ನೆಯಿಂದ ಗುಂಡಿಗೆ ದಾರಿ ತಪ್ಪುವ ಸಂಭವ ಕಡಮೆ. ಸಾಮೀಪ್ಯ, ಆವರಣ, ಅನುಗತಿ ಮೂರೂ ಇಲ್ಲಿ ಒಂದೇ ಸಂಬಂಧವನ್ನು ಹೇಳುತ್ತವೆ.

4. ಪೂರ್ವಾನುಭವದ ಸ್ಥಾನ

ಗೆಸ್ಟಾಲ್ಟ್ ಪಂಥದ ಸಿದ್ಧಾಂತದಲ್ಲಿ ಚರ್ಚೆಗೆ ಎಡೆಯಿರುವುದು ಪೂರ್ವಾನುಭವದ ವಿಷಯದಲ್ಲಿ. ವರ್ಟ್‌ಹೈಮರರು ಅನುಭವವನ್ನೂ ಒಂದು ಕಾರಣವಾಗಿ ಒಪ್ಪಿದರು. ಆದರೆ ಅದಕ್ಕೆ ಕೊಟ್ಟ ಸ್ಥಾನ ಗೌಣ. ಅಂತರ ಆಕಾರಗಳೇ ಬಲವತ್ತರವೆಂಬುದು ಅವರ ಒಲವು.

ಜೈನಶಾಸ್ತ್ರದ ಮತಿಜ್ಞಾನ ವಿಚಾರವನ್ನು ಬಲ್ಲವರಿಗೆ ಇಲ್ಲಿ ತತ್ತ್ವಾರ್ಥಸೂತ್ರದ ಮೊದಲ ಅಧ್ಯಾಯದ 15ನೆಯ ಸೂತ್ರ ನೆನಪಾಗುವುದು ಸಹಜ. ಅವಗ್ರಹ, ಈಹೆ, ಅವಾಯ, ಧಾರಣೆ ಎಂಬ ನಾಲ್ಕು ಮೆಟ್ಟಿಲುಗಳನ್ನು ಅದು ಹೇಳುತ್ತದೆ. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಕೊಟ್ಟ ಉದಾಹರಣೆ ಪ್ರಸಿದ್ಧವಾದುದು: ಬೆಳ್ಳಗಿನ ರೂಪವೆಂಬ ಗ್ರಹಣ ಅವಗ್ರಹ, ಅದು ಬೆಳ್ಳಕ್ಕಿಯೋ ಬಾವುಟವೋ ಎಂಬ ವಿಶೇಷದ ಅಪೇಕ್ಷೆ ಈಹೆ, ಮೇಲೇರಿ ಕೆಳಗಿಳಿದು ರೆಕ್ಕೆ ಬಡಿಯುವುದನ್ನು ಕಂಡು ಬೆಳ್ಳಕ್ಕಿಯೆಂದು ನಿಶ್ಚಯಿಸುವುದು ಅವಾಯ, ಅದನ್ನು ಮರೆಯದಿರುವುದು ಧಾರಣೆ. ಹಾಗೆಯೇ ಗೊಮ್ಮಟಸಾರದ ಜೀವಕಾಂಡದಲ್ಲಿ, ನೀರಿನಲ್ಲಿ ಮುಳುಗಿದ ಆನೆಯ ಸೊಂಡಿಲಷ್ಟನ್ನೇ ಕಂಡು ಆನೆಯನ್ನು ಅರಿಯುವುದು ಅನಿಃಸೃತ ಗ್ರಹಣಕ್ಕೆ ಉದಾಹರಣೆಯಾಗಿ ಬಂದಿದೆ.

ಇವನ್ನು ಹಿಡಿದು ಗೆಸ್ಟಾಲ್ಟ್ ಸಿದ್ಧಾಂತವೆಲ್ಲ ಪ್ರಾಚೀನರಲ್ಲಿಯೇ ಇತ್ತೆಂದು ಸಾಧಿಸಹೊರಡುವುದು ಸಲ್ಲದು. ಎರಡೂ ಬೇರೆ ಪ್ರಶ್ನೆಗಳಿಗೆ ಉತ್ತರ. ವರ್ಟ್‌ಹೈಮರರ ಪ್ರಶ್ನೆ, ಕಂಡದ್ದು ಹೇಗೆ ಗುಂಪಾಗಿ ಕಾಣುತ್ತದೆ ಎಂಬುದು. ಸೂತ್ರಕಾರರ ಪ್ರಶ್ನೆ, ಕಂಡದ್ದು ಯಾವ ಕ್ರಮದಲ್ಲಿ ಪ್ರಮಾಣವಾದ ನಿಶ್ಚಯವಾಗುತ್ತದೆ ಎಂಬುದು. ಆದರೆ ಹೋಲಿಕೆಯಿಂದ ಒಂದು ಪ್ರಯೋಜನವಿದೆ. ಮೊದಲ ಗ್ರಹಣಕ್ಕೂ ನಿಶ್ಚಯಕ್ಕೂ ನಡುವೆ ಈಹೆಯೆಂಬ ವಿಚಾರಣೆಯ ಮೆಟ್ಟಿಲಿದೆ ಎಂಬುದನ್ನು ಜೈನಾಚಾರ್ಯರು ಸ್ಪಷ್ಟವಾಗಿ ಬೇರೆಯಾಗಿ ನಿಲ್ಲಿಸಿದರು. ಅವಸರದಲ್ಲಿರುವ ಮತದಾರನಿಗೆ ಜೋಡಿಪುಟದ ಮತಪತ್ರ ಆ ಮೆಟ್ಟಿಲನ್ನು ಹತ್ತಲು ಕಾರಣವನ್ನೇ ಒದಗಿಸಲಿಲ್ಲ. ಸಂದೇಹ ಹುಟ್ಟಿದ್ದರೆ ಆತ ಬಾಣವನ್ನು ಗಮನಿಸುತ್ತಿದ್ದ. ಸುಳ್ಳು ಜೋಡಣೆಯ ಅಪಾಯವಿರುವುದು ಅದು ಸಂದೇಹವನ್ನೇ ಹುಟ್ಟಿಸದಿರುವುದರಲ್ಲಿ.

5. ಓಲೆಗರಿಯ ಸಾಕ್ಷ್ಯ

ಪೂರ್ವಾನುಭವ ಗೌಣವೆಂಬ ಮಾತಿಗೆ ಪ್ರಬಲವಾದ ಪ್ರತಿಸಾಕ್ಷ್ಯ ಓಲೆಗರಿಯಲ್ಲಿಯೇ ಇದೆ. ಗರಿಯ ಮೇಲೆ ಪದಗಳ ನಡುವೆ ಅಂತರವಿರುವುದಿಲ್ಲ. ಸಾಮೀಪ್ಯದ ನಿಯಮ ಅಲ್ಲಿ ಏನನ್ನೂ ವಿಂಗಡಿಸಿಕೊಡದು; ಆದರೂ ಅಭ್ಯಾಸವುಳ್ಳವನ ಕಣ್ಣಿಗೆ ಪದಗಳು ಬೇರೆಬೇರೆಯಾಗಿಯೇ ಕಾಣುತ್ತವೆ. ‘ಅವನರಸಿ’ ಎಂದಿರುವಲ್ಲಿ ‘ಅವನ ಅರಸಿ’ ಎಂದು ಬಿಡಿಸಿದರೆ ಅವನ ರಾಣಿ. ‘ಅವನ್ ಅರಸಿ’ ಎಂದು ಬಿಡಿಸಿದರೆ ಅವನು ಹುಡುಕಿ ಎಂದರ್ಥ. ಗುರುತುಗಳು ಅವೇ, ಅಂತರವೂ ಅದೇ. ಗುಂಪು ಮಾತ್ರ ಬೇರೆ. ಇದನ್ನು ನಿರ್ಣಯಿಸುವುದು ವ್ಯಾಕರಣ, ಛಂದಸ್ಸು ಮತ್ತು ಪ್ರಕರಣ.

ದಾರ ಪೋಣಿಸುವ ರಂಧ್ರಗಳ ವಿಷಯವೂ ಹೀಗೆಯೇ. ಉದ್ದವಾದ ಗರಿಗಳಲ್ಲಿ ಎರಡು ರಂಧ್ರಗಳಿದ್ದು, ದಾರದ ಉಜ್ಜುವಿಕೆಗೆ ಅಕ್ಷರ ಸಿಕ್ಕದಂತೆ ಅವುಗಳ ಸುತ್ತ ಬರಿಯ ಜಾಗವನ್ನು ಬಿಟ್ಟಿರುತ್ತಾರೆ. ಇದರಿಂದ ಬರೆಹ ಮೂರು ಕಂಬಗಳಾಗಿ ಕಾಣುತ್ತದೆ. ವೃತ್ತಪತ್ರಿಕೆಯನ್ನು ಓದಿ ಅಭ್ಯಾಸವಾದವನು ಒಂದೊಂದು ಕಂಬವನ್ನು ಮೇಲಿಂದ ಕೆಳಕ್ಕೆ ಓದಹೋದರೆ ಅರ್ಥವಾಗದು. ಪಂಕ್ತಿ ಎಡದ ತುದಿಯಿಂದ ಬಲದ ತುದಿಯವರೆಗೆ ಬಯಲನ್ನು ದಾಟಿ ಸಾಗುತ್ತದೆ. ಸಾಮೀಪ್ಯ ಕಂಬವೆನ್ನುತ್ತದೆ, ಅನುಗತಿ ಪಂಕ್ತಿಯೆನ್ನುತ್ತದೆ. ಅನುಗತಿಯನ್ನು ಗೆಲ್ಲಿಸುವುದು ಓದುಗನ ಶಿಕ್ಷಣ.

ಲಿಪಿಕಾರರು ಈ ನಿಯಮಗಳನ್ನು ಹೆಸರಿಸದೆ ಉದ್ದೇಶಪೂರ್ವಕವಾಗಿ ಬಳಸಿಕೊಂಡ ಉದಾಹರಣೆಗಳೂ ಇವೆ. ಪಶ್ಚಿಮ ಭಾರತದ ಜೈನ ಕಾಗದಪ್ರತಿಗಳಲ್ಲಿ ಕಾಣುವ ತ್ರಿಪಾಠ ಪದ್ಧತಿಯಲ್ಲಿ ಮೂಲವನ್ನು ದೊಡ್ಡ ಅಕ್ಷರಗಳಲ್ಲಿ ನಡುವೆ ಬರೆದು, ಟೀಕೆಯನ್ನು ಸಣ್ಣ ಅಕ್ಷರಗಳಲ್ಲಿ ಮೇಲೆ ಮತ್ತು ಕೆಳಗೆ ಬರೆಯುತ್ತಾರೆ. ಪಂಚಪಾಠದಲ್ಲಿ ಎರಡು ಪಕ್ಕಗಳ ಅಂಚೂ ಸೇರುತ್ತದೆ. ಗಾತ್ರದ ಸಾದೃಶ್ಯದಿಂದ, ನಡುವೆ ಮೂಲ ಅಡ್ಡವಿದ್ದರೂ ಮೇಲಿನ ಟೀಕೆಯೂ ಕೆಳಗಿನ ಟೀಕೆಯೂ ಒಂದೆಂದು ತಿಳಿಯುತ್ತದೆ. ಯಾವ ಪದ್ಯಕ್ಕೆ ಯಾವ ಟೀಕೆ ಎಂಬುದನ್ನು ಕಣ್ಣಿನ ಪಾಲಿಗೆ ಬಿಡದೆ ಪದ್ಯಸಂಖ್ಯೆಯಿಂದ ಸೂಚಿಸಿದ್ದಾರೆ. ಜೋಡಣೆಯಿಂದ ಹೇಳಬಹುದಾದದ್ದನ್ನು ಜೋಡಣೆಯಿಂದಲೂ, ಹೇಳಲಾಗದ್ದನ್ನು ಸಂಖ್ಯೆಯಿಂದಲೂ ಹೇಳಿದ ಈ ವಿವೇಕ ಆಧುನಿಕ ವಿನ್ಯಾಸಕಾರರಿಗೂ ಮಾದರಿಯಾಗಬಲ್ಲದು.

6. ತೆರೆಯ ಮೇಲಿನ ಗರಿ

ಈಗ ಇದೇ ಗರಿ ತೆರೆಗೆ ಬಂದಾಗ ಆಗುವುದನ್ನು ಗಮನಿಸಬೇಕು. ಸಮಯವನ್ನೂ ವೆಚ್ಚವನ್ನೂ ಉಳಿಸುವುದಕ್ಕಾಗಿ ಹಲವು ಗರಿಗಳನ್ನು ಒಂದರ ಕೆಳಗೊಂದಿಟ್ಟು ಒಂದೇ ಛಾಯಾಚಿತ್ರ ತೆಗೆದು, ಅನಂತರ ಎಲ್ಲವನ್ನೂ ಮಗುಚಿ ಇನ್ನೊಂದು ಚಿತ್ರ ತೆಗೆಯುವ ಪದ್ಧತಿ ಅನೇಕ ಕಡೆಗಳಲ್ಲಿ ರೂಢಿಯಲ್ಲಿದೆ. ಮೊದಲ ಚಿತ್ರದಲ್ಲಿ ಒಂದನೆಯ ಗರಿಯ ಮುಮ್ಮೈಯ ಕೆಳಗೆ ಎರಡನೆಯ ಗರಿಯ ಮುಮ್ಮೈ ಬರುತ್ತದೆ. ಗ್ರಂಥ ಸಾಗುವುದು ಒಂದನೆಯ ಗರಿಯ ಮುಮ್ಮೈಯಿಂದ ಅದರದೇ ಹಿಮ್ಮೈಗೆ. ಚಿತ್ರದಲ್ಲಿ ನೆರೆಯಾಗಿರುವುದು ಗ್ರಂಥದಲ್ಲಿ ನೆರೆಯಲ್ಲ. ಗ್ರಂಥದಲ್ಲಿ ನೆರೆಯಾಗಿರುವುದು ಬೇರೆ ಚಿತ್ರದಲ್ಲಿದೆ. ಗರಿಯ ಸಂಖ್ಯೆ ಸಾಮಾನ್ಯವಾಗಿ ಒಂದು ಬದಿಯಲ್ಲಿ ಮಾತ್ರ ಇರುವುದರಿಂದ, ಮಗುಚುವಾಗ ಕ್ರಮ ತಪ್ಪಿದ್ದರೆ ಎರಡನೆಯ ಚಿತ್ರದಲ್ಲಿ ಅದನ್ನು ತೋರಿಸುವ ಗುರುತೇ ಇರುವುದಿಲ್ಲ. ಮೂಲಪ್ರತಿ ನಷ್ಟವಾಗಿ ಚಿತ್ರವೊಂದೇ ಉಳಿದಿದ್ದರೆ ದೋಷ ಸಂಪಾದಿತ ಗ್ರಂಥದಲ್ಲಿ ಸ್ಥಿರವಾಗುತ್ತದೆ.

ಇನ್ನೊಂದು ತೊಂದರೆ ಪುಸ್ತಕದ ಮಾದರಿಯಿಂದ ಬಂದುದು. ಪ್ರತಿಗಳನ್ನು ತೋರಿಸುವ ಹಲವು ತಂತ್ರಾಂಶಗಳಲ್ಲಿ ಎದುರುಬದುರು ಪುಟಗಳನ್ನು ಎಡಬಲಗಳಲ್ಲಿ ಜೋಡಿಸಿ ತೋರಿಸುವ ವ್ಯವಸ್ಥೆಯಿದೆ. ಹೊಲಿದು ಕಟ್ಟಿದ ಪುಸ್ತಕಕ್ಕೆ ಅದು ಸರಿ. ಓಲೆಯ ಕಟ್ಟಿನಲ್ಲಿ ಗರಿಯನ್ನು ಮಗುಚಿದಾಗ ಹಿಂದಿನ ಗರಿಯ ಹಿಮ್ಮೈ ಮೇಲೂ ಮುಂದಿನ ಗರಿಯ ಮುಮ್ಮೈ ಕೆಳಗೂ ಇರುತ್ತವೆ. ಅವನ್ನು ಎಡಬಲವಾಗಿ ಜೋಡಿಸಿದರೆ ಎರಡು ಗರಿಗಳ ಪಂಕ್ತಿಗಳು ಒಂದೇ ಮಟ್ಟಕ್ಕೆ ಬಂದು, ನಡುವಣ ಬಯಲು ರಂಧ್ರದ ಸುತ್ತಲಿನ ಬಯಲಿನಂತೆಯೇ ತೋರುತ್ತದೆ. ಬಯಲನ್ನು ದಾಟಿ ಓದಲು ಕಲಿತ ಕಣ್ಣಿಗೆ ಇದು ಒಂದೇ ಗರಿಯ ಮುಂದುವರಿಕೆಯೆಂಬ ಭ್ರಮೆ ಹುಟ್ಟುವುದು ಅಸಂಭವವಲ್ಲ. ಓದುಗನು ಕಷ್ಟಪಟ್ಟು ಗಳಿಸಿದ ಅಭ್ಯಾಸವನ್ನೇ ಇಲ್ಲಿ ವಿನ್ಯಾಸ ಅವನಿಗೆ ಎದುರಾಗಿ ತಿರುಗಿಸುತ್ತದೆ.

ಈ ಎರಡಕ್ಕೂ ಪರಿಹಾರ ಕಷ್ಟಸಾಧ್ಯವಲ್ಲ. ಗರಿಯ ಎರಡು ಮೈಗಳನ್ನು ತೆರೆಯಲ್ಲಿ ಒಂದರ ಕೆಳಗೊಂದು, ಕಡಮೆ ಅಂತರದಲ್ಲಿ ಇಡಬೇಕು. ಒಂದು ಗರಿಗೂ ಮುಂದಿನ ಗರಿಗೂ ನಡುವಣ ಅಂತರ ಅದಕ್ಕಿಂತ ಸ್ಪಷ್ಟವಾಗಿ ಹೆಚ್ಚಾಗಿರಬೇಕು. ಗರಿಯೊಂದಕ್ಕೆ ಒಂದು ಎಲ್ಲೆಗೆರೆ ಇರಬೇಕು. ಸಂಖ್ಯೆಯನ್ನು ಎರಡು ಮೈಗಳ ಪಕ್ಕದಲ್ಲಿಯೂ ತೋರಿಸಬೇಕು. ಪ್ರತಿಯಲ್ಲಿಯೇ ಇರುವ ಸಂಖ್ಯೆಯೂ ಚಿತ್ರಕಾರರು ಕೊಟ್ಟ ಸಂಖ್ಯೆಯೂ ಬೇರೆಬೇರೆ ಬಣ್ಣಗಳಲ್ಲಿರಬೇಕು. ಹಲವು ಗರಿಗಳನ್ನು ಒಟ್ಟಿಗೆ ಚಿತ್ರ ತೆಗೆಯುವುದು ಅನಿವಾರ್ಯವಾದರೆ, ಮಗುಚಿದ ಮೇಲೆ ಪ್ರತಿಯೊಂದು ಗರಿಯ ಪಕ್ಕದಲ್ಲಿ ಸಂಖ್ಯೆಯ ಚೀಟಿಯನ್ನಿಟ್ಟೇ ಚಿತ್ರ ತೆಗೆಯಬೇಕು.

ಒಟ್ಟಿನಲ್ಲಿ, ದೃಶ್ಯಸಮೂಹನದ ನಿಯಮಗಳು ಸತ್ಯವಾದುವು. ನೂರು ವರ್ಷಗಳ ಪರೀಕ್ಷೆಯಲ್ಲಿ ನಿಂತುವು. ಅವನ್ನು ಸೂತ್ರಗಳಂತೆ ಬಾಯಿಪಾಠ ಮಾಡಿ ಪುಟವನ್ನು ಅಂದಗೊಳಿಸುವುದಷ್ಟೇ ಸಾಲದು. ಮೊದಲು ವಸ್ತುವಿನಲ್ಲಿ ಯಾವುದಕ್ಕೂ ಯಾವುದಕ್ಕೂ ಸಂಬಂಧವಿದೆಯೆಂದು ತಿಳಿಯಬೇಕು. ಅನಂತರ ಎಲ್ಲ ನಿಯಮಗಳೂ ಆ ಸಂಬಂಧವನ್ನೇ ಹೇಳುತ್ತಿವೆಯೇ ಎಂದು ಒಂದೊಂದಾಗಿ ಪರೀಕ್ಷಿಸಬೇಕು. ಎಲ್ಲಿ ವಿರೋಧ ಕಂಡುಬಂದಿತೋ ಅಲ್ಲಿ ಸಂಖ್ಯೆ, ಗೆರೆ, ಚಿಹ್ನೆಗಳಿಂದ ಸಂದೇಹವನ್ನು ಪರಿಹರಿಸಬೇಕು. ಪ್ರಾಚೀನ ಪ್ರತಿಗಳ ಡಿಜಿಟಲ್ ಸಂಗ್ರಹಗಳನ್ನು ಸಿದ್ಧಪಡಿಸುವ ಸಂಸ್ಥೆಗಳು ತಂತ್ರಜ್ಞರ ಜೊತೆಗೆ ಓಲೆಗರಿಯನ್ನು ಓದಬಲ್ಲವರನ್ನೂ ಈ ಕೆಲಸದ ಆರಂಭದಲ್ಲಿಯೇ ಸೇರಿಸಿಕೊಳ್ಳುವುದು ಅವಶ್ಯಕ.